ಧೂಮಕೇತುವಿನ ಹ್ಯಾಲಿ ಆಯುಷ್ಯಕ್ಕೂ ದರ ಕಟ್ಟಿದ ಕಥೆ

ಎಡ್ಮಂಡ್ ಹ್ಯಾಲಿ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಆತನ ಹೆಸರಿನ ಧೂಮಕೇತು. 1986ರಲ್ಲಿ ನಸುಕಿಗೇ ಎದ್ದು ಮಾಳಿಗೆ ಹತ್ತಿ, ಅದಕ್ಕಾಗಿ ಆಕಾಶವನ್ನೆಲ್ಲ ಹುಡುಕಿ, ಕೊನೆಗೆ ಮಸುಕಾದ ಹತ್ತಿಯುಂಡೆಯಂಥದ್ದೇನನ್ನೋ ಕಂಡು ನಿರಾಶರಾಗಿ ಕೆಳಗಿಳಿದವರು ನಮ್ಮ ಓದುಗರಲ್ಲಿಯೂ ಇದ್ದಾರು. ಅದು ಮರಳಿ ಬರುವುದು 2061ರಲ್ಲಿ.

ಹ್ಯಾಲಿ ಮಾಡಿದ ಇನ್ನೊಂದು ಲೆಕ್ಕ ಮಾತ್ರ ಎಪ್ಪತ್ತಾರು ವರ್ಷ ಕಾಯಿಸುವುದಿಲ್ಲ. ಅವಧಿ ವಿಮೆ, ಅಂದರೆ ಟರ್ಮ್ ಇನ್ಶೂರೆನ್ಸ್ ಎಂದು ನಾವು ಕರೆಯುವ ಪಾಲಿಸಿಯ ದರ ವಿಚಾರಿಸಲು ಹೊರಟವರಿಗೆ ಮೊಟ್ಟಮೊದಲು ಎದುರಾಗುವ ಪ್ರಶ್ನೆಗಳಲ್ಲಿ ಹುಟ್ಟಿದ ದಿನಾಂಕ ಇದ್ದೇ ಇರುತ್ತದೆ. ಇಪ್ಪತ್ತೈದರ ತರುಣನಿಗೆ ಒಂದು ದರ, ಐವತ್ತರ ಗೃಹಸ್ಥನಿಗೆ ಮತ್ತೊಂದು ದರ ಎಂಬುದು ಇಂದು ನಮಗೆ ಸೂರ್ಯ ಪೂರ್ವದಲ್ಲಿ ಮೂಡುವಷ್ಟೇ ಸಹಜ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಅದು ಸಹಜವಾಗಿರಲಿಲ್ಲ. ವಯಸ್ಸಿಗೆ ತಕ್ಕ ಬೆಲೆ ಎಷ್ಟು ಎಂಬುದನ್ನು ಎಣಿಕೆಯ ಆಧಾರದ ಮೇಲೆ ಅಲ್ಲಿ ಮೊದಲು ತೋರಿಸಿಕೊಟ್ಟವನು ಈ ಖಗೋಳ ವಿಜ್ಞಾನಿ. ಆತ ತೋರಿಸಿದ ಮೇಲೂ ಮಾರುವವರು ಸುಮಾರು ಎಪ್ಪತ್ತು ವರ್ಷ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹ್ಯಾಲಿ ಜನಿಸಿದ್ದು 1656ರ ನವೆಂಬರ್ 8ರಂದು, ಲಂಡನ್ನಿನ ಹೊರವಲಯದ ಹ್ಯಾಗರ್‌ಸ್ಟನ್‌ನಲ್ಲಿ. ಇದು ಇಂದಿನ ಪಂಚಾಂಗದ ಪ್ರಕಾರ. ಆಗಿನ ಇಂಗ್ಲೆಂಡಿನ ಹಳೆಯ ಪಂಚಾಂಗದಲ್ಲಿ ಅದು ಅಕ್ಟೋಬರ್ 29. ತಂದೆಯ ಹೆಸರೂ ಎಡ್ಮಂಡ್. ಸಾಬೂನು ತಯಾರಿಕೆಯಿಂದ ಸಿರಿವಂತನಾದ ಆತನಿಗೆ ನಗರದಲ್ಲಿ ಬಾಡಿಗೆ ಬರುವ ಮನೆಗಳಿದ್ದವು. 1666ರ ಮಹಾ ಅಗ್ನಿದುರಂತದಲ್ಲಿ ಆ ಆಸ್ತಿಗೆ ಪೆಟ್ಟು ಬಿದ್ದರೂ ಮಗನ ವಿದ್ಯಾಭ್ಯಾಸಕ್ಕೆ ಕೊರತೆಯಾಗಲಿಲ್ಲ. ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿ, 1673ರಲ್ಲಿ ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜು ಸೇರಿದ ಬಾಲಕ ಇಪ್ಪತ್ತು ತುಂಬುವ ವೇಳೆಗೆ ಪದವಿಯನ್ನು ಅರ್ಧಕ್ಕೇ ಬಿಟ್ಟು ಹಡಗು ಹತ್ತಿದ. ಈಸ್ಟ್ ಇಂಡಿಯಾ ಕಂಪನಿಯ ನೌಕೆ ಆತನನ್ನು ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪಕ್ಕೆ ಕೊಂಡೊಯ್ದಿತು. ಯುರೋಪಿನಿಂದ ಕಾಣದ ದಕ್ಷಿಣಾಕಾಶದ ನಕ್ಷತ್ರಗಳ ಸ್ಥಾನವನ್ನು ಅಳೆಯುವುದು ಉದ್ದೇಶ. ಮೋಡ ಮಳೆಗಳ ಕಾಟದ ನಡುವೆಯೂ 341 ನಕ್ಷತ್ರಗಳ ಪಟ್ಟಿ ಸಿದ್ಧವಾಯಿತು. 1678ರಲ್ಲಿ ಮರಳಿದಾಗ ದೊರೆ ಎರಡನೆಯ ಚಾರ್ಲ್ಸ್ ಆತನಿಗೆ ಪರೀಕ್ಷೆಯಿಲ್ಲದೆ ಎಂ.ಎ. ಪದವಿ ನೀಡುವಂತೆ ಆಕ್ಸ್‌ಫರ್ಡಿಗೆ ಆಜ್ಞಾಪಿಸಿದ. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವವೂ ಒಲಿಯಿತು. ಆಗ ಆತನಿಗೆ 22 ವರ್ಷ.

1682ರಲ್ಲಿ ಮೇರಿ ಟೂಕ್‌ಳೊಂದಿಗೆ ವಿವಾಹ. ಮುಂದೆ ತನ್ನ ಹೆಸರನ್ನೇ ಪಡೆಯಲಿದ್ದ ಧೂಮಕೇತುವನ್ನು ಹ್ಯಾಲಿ ನೋಡಿದ್ದೂ ಅದೇ ವರ್ಷ.

ಎರಡು ವರ್ಷದ ಬಳಿಕ ಮನೆಗೆ ಸಿಡಿಲೆರಗಿತು. 1684ರ ಮಾರ್ಚ್ ತಿಂಗಳಲ್ಲಿ ಒಂದು ದಿನ ಮನೆಯಿಂದ ಹೊರಟ ತಂದೆ ಹಿಂದಿರುಗಲಿಲ್ಲ. ಐದು ವಾರಗಳಾದ ಮೇಲೆ ರೋಚೆಸ್ಟರ್ ಬಳಿಯ ನದೀತೀರದಲ್ಲಿ ಶವ ಸಿಕ್ಕಿತು. ಸಾವು ಹೇಗಾಯಿತೆಂಬುದು ಇಂದಿಗೂ ಸ್ಪಷ್ಟವಿಲ್ಲ. ಉಯಿಲು ಬರೆದಿಡದೆ ಆತ ತೀರಿಕೊಂಡಿದ್ದರಿಂದ ಆಸ್ತಿಯ ವಿಚಾರದಲ್ಲಿ ಮಲತಾಯಿಗೂ ಮಗನಿಗೂ ವ್ಯಾಜ್ಯ ಹತ್ತಿತು. ಅದುವರೆಗೆ ತಂದೆ ಕೊಡುತ್ತಿದ್ದ ವಾರ್ಷಿಕ 300 ಪೌಂಡುಗಳಂತಹ ಉದಾರ ನೆರವಿನಲ್ಲಿ ನಿಶ್ಚಿಂತೆಯಿಂದಿದ್ದ ಹ್ಯಾಲಿಗೆ, ದುಡಿಯುವ ಅಥವಾ ಪೊರೆಯುವ ಒಂದು ಜೀವ ಹಠಾತ್ತನೆ ಇಲ್ಲವಾದರೆ ಉಳಿದವರ ಗತಿಯೇನು ಎಂಬುದು ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಈ ಘಟನೆಗೂ ಮುಂದಿನ ಆತನ ಮರಣ ಲೆಕ್ಕಕ್ಕೂ ನೇರ ಸಂಬಂಧ ಕಲ್ಪಿಸುವುದು ಅತಿರೇಕವಾದೀತು. ಆದರೆ 1686ರಲ್ಲಿ ಹ್ಯಾಲಿ ರಾಯಲ್ ಸೊಸೈಟಿಯ ಗುಮಾಸ್ತೆಯ ಹುದ್ದೆಗೆ ಇಳಿಯುವಾಗ ಅದಕ್ಕಾಗಿ ತನ್ನ ಸದಸ್ಯತ್ವವನ್ನೇ ಬಿಟ್ಟುಕೊಡಬೇಕಾಯಿತು ಎಂಬುದನ್ನು ಇಲ್ಲಿ ನೆನೆಯಬಹುದು.

ಆ ಹುದ್ದೆಯ ಸಂಬಳದ ಕಥೆಯೂ ಸ್ವಾರಸ್ಯದ್ದು. ನ್ಯೂಟನ್‌ನನ್ನು 1684ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಭೇಟಿಯಾಗಿ, ಗ್ರಹಗಳ ಚಲನೆಯ ಕುರಿತು ಪ್ರಶ್ನಿಸಿ, ಆತನಿಂದ ಪ್ರಿನ್ಸಿಪಿಯಾ ಎಂಬ ಮಹಾಗ್ರಂಥವನ್ನು ಬರೆಯಿಸಿದವನು ಹ್ಯಾಲಿ. ಅದನ್ನು ಅಚ್ಚು ಹಾಕಿಸಬೇಕಾದ ರಾಯಲ್ ಸೊಸೈಟಿಯ ಬೊಕ್ಕಸ ಮೀನುಗಳ ಚರಿತ್ರೆಯೊಂದನ್ನು ಪ್ರಕಟಿಸಿ ಬರಿದಾಗಿತ್ತು. ಹ್ಯಾಲಿ ತನ್ನದೇ ಹಣ ಸುರಿದು 1687ರಲ್ಲಿ ಪ್ರಿನ್ಸಿಪಿಯಾವನ್ನು ಹೊರತಂದ. ಸೊಸೈಟಿಯು ಆತನಿಗೆ ಸಲ್ಲಬೇಕಿದ್ದ 50 ಪೌಂಡ್ ಸಂಬಳಕ್ಕೆ ಬದಲಾಗಿ ಮಾರಾಟವಾಗದೆ ಉಳಿದ ಆ ಮೀನಿನ ಪುಸ್ತಕದ 50 ಪ್ರತಿಗಳನ್ನು ಕೊಟ್ಟು ಕೈತೊಳೆದುಕೊಂಡಿತು!

ಇನ್ನು ನಮ್ಮ ವಿಷಯಕ್ಕೆ ಬರೋಣ. ಅವಧಿ ವಿಮೆ ಹ್ಯಾಲಿಗಿಂತ ಹಳೆಯದು. ಲಂಡನ್ನಿನಲ್ಲಿ 1583ರ ಜೂನ್‌ನಲ್ಲಿ ವಿಲಿಯಂ ಗಿಬ್ಬನ್ಸ್ ಎಂಬಾತನ ಜೀವದ ಮೇಲೆ ಹನ್ನೆರಡು ತಿಂಗಳ ಅವಧಿಗೆ ಸುಮಾರು 380 ಪೌಂಡುಗಳ ವಿಮೆ ಬರೆಯಲಾಯಿತು. ದರ ನೂರಕ್ಕೆ 8. ದಾಖಲೆ ಉಳಿದಿರುವ ಅತಿ ಪ್ರಾಚೀನ ಜೀವವಿಮಾ ಪಾಲಿಸಿಗಳಲ್ಲಿ ಇದು ಹೆಸರಾದುದು. ಗಿಬ್ಬನ್ಸ್ ಮರುವರ್ಷ ಮೇ ತಿಂಗಳಲ್ಲಿ ತೀರಿಕೊಂಡ. ವಿಮೆ ಬರೆದ ವರ್ತಕರು ಹಣ ಕೊಡಲು ಒಪ್ಪಲಿಲ್ಲ. ತಿಂಗಳೆಂದರೆ 28 ದಿನಗಳ ಚಾಂದ್ರಮಾಸ, ಆ ಲೆಕ್ಕದಲ್ಲಿ ಹನ್ನೆರಡು ತಿಂಗಳು ಆತ ಸಾಯುವ ಮುನ್ನವೇ ಮುಗಿದಿತ್ತು ಎಂಬುದು ಅವರ ವಾದ. ನ್ಯಾಯಾಲಯ ಅದನ್ನು ತಳ್ಳಿಹಾಕಿ ಹಣ ಕೊಡಿಸಿತು. ಕ್ಲೇಮು ತಿರಸ್ಕಾರದ ಇತಿಹಾಸವೂ ವಿಮೆಯಷ್ಟೇ ಹಳೆಯದು ಎಂದರೆ ಓದುಗರು ಅಚ್ಚರಿಪಡಲಾರರು.

ಆ ನೂರಕ್ಕೆ 8 ಎಂಬ ದರ ಎಲ್ಲಿಂದ ಬಂತು? ಊಹೆಯಿಂದ. ಹಡಗಿನ ಸರಕಿಗೆ ವಿಮೆ ಬರೆಯುತ್ತಿದ್ದ ವರ್ತಕರು ಮನುಷ್ಯನ ಮುಖ ನೋಡಿ, ಊರಿನಲ್ಲಿ ಪ್ಲೇಗಿನ ಸುದ್ದಿ ಇದೆಯೇ ಎಂದು ಕೇಳಿ, ತಮಗೆ ನಷ್ಟವಾಗದಂತೆ ಒಂದು ಅಂಕಿ ಹೇಳುತ್ತಿದ್ದರು. ಅವಧಿ ವಿಮೆಯಲ್ಲಿ ಬದುಕುಳಿದವನಿಗೆ ಏನೂ ಮರಳಿ ಬರುವುದಿಲ್ಲ. ಅವಧಿಯೊಳಗೆ ಸತ್ತರೆ ಮಾತ್ರ ಕುಟುಂಬಕ್ಕೆ ಹಣ. ಹಾಗಾಗಿ ಅದರ ನ್ಯಾಯವಾದ ಬೆಲೆಯೆಂದರೆ ಆ ವಯಸ್ಸಿನವರಲ್ಲಿ ಅಷ್ಟು ಕಾಲದೊಳಗೆ ಎಷ್ಟು ಮಂದಿ ಸಾಯುತ್ತಾರೆ ಎಂಬುದರ ಬೆಲೆ, ಜೊತೆಗೆ ವ್ಯವಹಾರದ ಖರ್ಚು ಮತ್ತು ಒಂದಿಷ್ಟು ಲಾಭ. ಈ ಮೊದಲ ಸಂಖ್ಯೆಯೇ ಯಾರ ಬಳಿಯೂ ಇರಲಿಲ್ಲ.

ಲಂಡನ್ನಿನ ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿ 1662ರಲ್ಲಿ ನಗರದ ಮರಣಪಟ್ಟಿಗಳನ್ನು ಅಭ್ಯಸಿಸಿ ಒಂದು ಪುಸ್ತಕ ಬರೆದಿದ್ದ. ಆದರೆ ಆ ಪಟ್ಟಿಗಳಲ್ಲಿ ಸತ್ತವರ ರೋಗದ ಹೆಸರಿತ್ತೇ ಹೊರತು ವಯಸ್ಸು ಇರಲಿಲ್ಲ. ಅಲ್ಲದೆ ಲಂಡನ್ ಹಳ್ಳಿಗಳಿಂದ ಬಂದವರಿಂದ ತುಂಬಿ ತುಳುಕುವ ಊರು. ಅಲ್ಲಿ ಸತ್ತವರೆಲ್ಲ ಅಲ್ಲೇ ಹುಟ್ಟಿದವರಲ್ಲ. ಅಂತಹ ಊರಿನಿಂದ ಆಯುಷ್ಯದ ಲೆಕ್ಕ ತೆಗೆಯುವುದು, ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತು ನಗರದ ಜನಸಂಖ್ಯೆ ಎಣಿಸಿದಂತೆ.

ಹ್ಯಾಲಿಗೆ ಬೇಕಾದ ಅಂಕಿಗಳು ಬಂದದ್ದು ದೂರದ ಬ್ರೆಸ್ಲೌ ನಗರದಿಂದ. ಸೈಲೇಷಿಯಾ ಪ್ರಾಂತದ ಆ ಊರು ಇಂದು ಪೋಲೆಂಡಿನಲ್ಲಿದ್ದು ವ್ರೋತ್ಸ್ವಾಫ್ ಎಂದು ಕರೆಸಿಕೊಳ್ಳುತ್ತದೆ. ಅಲ್ಲಿನ ಕಾಸ್ಪರ್ ನಾಯ್ಮನ್ ಎಂಬ ಪಾದ್ರಿ ಚರ್ಚಿನ ದಾಖಲೆಗಳಿಂದ ಪ್ರತಿಯೊಂದು ಸಾವನ್ನೂ ವಯಸ್ಸು ಸಹಿತ ಎಣಿಸಿದ್ದ. ಆತನ ಉದ್ದೇಶ ವಿಮೆಯಾಗಿರಲಿಲ್ಲ. ಏಳರ ಮತ್ತು ಒಂಬತ್ತರ ಗುಣಕಗಳಾದ 49, 63 ಮುಂತಾದ ವಯಸ್ಸುಗಳಲ್ಲಿ ಮನುಷ್ಯನಿಗೆ ಮೃತ್ಯುಗಂಡ ಇದೆಯೆಂಬ ನಂಬಿಕೆ ಆಗಿನ ಯುರೋಪಿನಲ್ಲಿ ಬಲವಾಗಿತ್ತು. ಅದು ನಿಜವೇ ಎಂದು ಪರೀಕ್ಷಿಸಲು ಆತ ಹೊರಟಿದ್ದ. ನಮ್ಮಲ್ಲಿ ಅರವತ್ತಕ್ಕೆ ಉಗ್ರರಥ ಶಾಂತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ ಮಾಡಿಸುವ ಮನೆಗಳಿಗೆ ಈ ಭಯ ಅಪರಿಚಿತವೇನಲ್ಲ. ನಾಯ್ಮನ್‌ನ ಅಂಕಿಗಳಲ್ಲಿ ಅಂತಹ ವಿಶೇಷವೇನೂ ಕಾಣಲಿಲ್ಲ. ಲೈಬ್ನಿಟ್ಸ್‌ನ ಮೂಲಕ ಅವುಗಳ ಸುದ್ದಿ ರಾಯಲ್ ಸೊಸೈಟಿಗೆ ತಲುಪಿ, ಹೆನ್ರಿ ಜಸ್ಟೆಲ್ ಎಂಬ ಸದಸ್ಯನ ಕೈಯಿಂದ ಹ್ಯಾಲಿಯ ಮೇಜಿಗೆ ಬಂದವು.

1687ರಿಂದ 1691ರವರೆಗಿನ ಐದು ವರ್ಷಗಳಲ್ಲಿ ಬ್ರೆಸ್ಲೌನಲ್ಲಿ 6,193 ಜನನ, 5,869 ಮರಣ. ವರ್ಷಕ್ಕೆ ಸರಾಸರಿ 1,238 ಮಕ್ಕಳು ಹುಟ್ಟಿದರೆ 1,174 ಜನ ಸಾಯುತ್ತಿದ್ದರು. ಎರಡರ ನಡುವಿನ 64ರ ಅಂತರ ಚಕ್ರವರ್ತಿಯ ಸೇನೆಗೆ ಹೋಗುವವರಿಂದ ಸರಿದೂಗುತ್ತಿರಬಹುದೆಂದು ಹ್ಯಾಲಿ ಭಾವಿಸಿದ. ಊರು ಬೆಳೆಯುತ್ತಲೂ ಇಲ್ಲ, ಕುಗ್ಗುತ್ತಲೂ ಇಲ್ಲ. ಹೊರಗಿನವರು ಬಂದು ನೆಲೆಸುವುದೂ ಕಡಿಮೆ. ಆದ್ದರಿಂದ ಇಲ್ಲಿನ ಸಾವುಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿದರೆ ಒಂದು ಪೀಳಿಗೆ ತೊಟ್ಟಿಲಿನಿಂದ ಗೋರಿಯವರೆಗೆ ಕರಗುತ್ತ ಹೋಗುವ ಬಗೆ ಕಾಣುತ್ತದೆ.

ಹಾಗೆ ತಯಾರಾದ ಕೋಷ್ಟಕ 1693ರ ಜನವರಿ ಸಂಚಿಕೆಯ ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲ ವರ್ಷದ ಪ್ರಾಯದಲ್ಲಿರುವ 1,000 ಶಿಶುಗಳಿಂದ ಅದು ಆರಂಭವಾಗುತ್ತದೆ. ಎರಡನೆಯ ವರ್ಷಕ್ಕೆ ಉಳಿದವರು 855. ಇಪ್ಪತ್ತಕ್ಕೆ 598, ಮೂವತ್ತಕ್ಕೆ 531, ನಲವತ್ತಕ್ಕೆ 445, ಐವತ್ತಕ್ಕೆ 346, ಅರವತ್ತಕ್ಕೆ 242, ಎಪ್ಪತ್ತಕ್ಕೆ 142, ಎಂಬತ್ತಕ್ಕೆ 41. ಕೊನೆಯ ಸಾಲು ಎಂಬತ್ತನಾಲ್ಕರದು. ಅಲ್ಲಿ ಉಳಿಯುವವರು 20 ಮಂದಿ. ಹುಟ್ಟಿದ 1,238 ಮಕ್ಕಳಲ್ಲಿ ಹದಿನೇಳು ವರ್ಷ ಕಳೆಯುವುದರೊಳಗೆ ಅರ್ಧದಷ್ಟು ಇಲ್ಲವಾಗುತ್ತಿದ್ದರು. ತಮ್ಮ ಆಯುಷ್ಯ ಚಿಕ್ಕದಾಯಿತೆಂದು ಗೊಣಗುವ ವಯಸ್ಕರು ಈ ಅಂಕಿಯನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಕೆಂಬ ಭಾವದ ಮಾತುಗಳನ್ನು ಹ್ಯಾಲಿ ಬಳಿಕ ಸೇರಿಸಿದ.

ಈ ಕೋಷ್ಟಕದಿಂದ ಆತ ತೆಗೆದ ಉಪಯೋಗಗಳಲ್ಲಿ ಒಂದು ನೇರವಾಗಿ ನಮ್ಮ ಇಂದಿನ ಕೊಟೇಶನ್. ಇಪ್ಪತ್ತರ 598 ಜನರಲ್ಲಿ ಇಪ್ಪತ್ತೊಂದಕ್ಕೆ ಉಳಿಯುವವರು 592. ವರ್ಷದೊಳಗೆ ಸತ್ತವರು ಆರು. ಅಂದರೆ ಆ ವಯಸ್ಸಿನವನು ವರ್ಷವಿಡೀ ಬದುಕಿರುತ್ತಾನೆ ಎಂಬುದರ ಪರವಾಗಿ ನೂರು, ವಿರುದ್ಧವಾಗಿ ಒಂದು. ಐವತ್ತರವನಿಗಾದರೆ ಆ ಪ್ರಮಾಣ ಮೂವತ್ತೆಂಟಕ್ಕೆ ಒಂದು ಎಂದು ಹ್ಯಾಲಿ ಲೆಕ್ಕ ಹಾಕಿದ. ಜೀವದ ಮೇಲಿನ ವಿಮೆಯ ದರ ಈ ವ್ಯತ್ಯಾಸಕ್ಕೆ ಅನುಗುಣವಾಗಿರಬೇಕೆಂದು ಆತ ಸ್ಪಷ್ಟವಾಗಿ ಬರೆದ. ಹೀಗೆ ನೋಡಿದರೆ ನೂರು ಪೌಂಡಿನ ಒಂದು ವರ್ಷದ ವಿಮೆಗೆ ತರುಣನಿಂದ ಸುಮಾರು ಒಂದು ಪೌಂಡ್, ಐವತ್ತರವನಿಂದ ಎರಡೂವರೆ ಪೌಂಡಿಗಿಂತ ತುಸು ಹೆಚ್ಚು ಪಡೆದರೆ ಮೂಲ ಖರ್ಚಿಗೆ ಸರಿಹೋಗುತ್ತದೆ.

ದೀರ್ಘ ಅವಧಿಗೂ ದಾರಿ ಅಲ್ಲೇ ಇತ್ತು. ನಲವತ್ತರ 445 ಜನರಲ್ಲಿ ಏಳು ವರ್ಷದ ಬಳಿಕ 377 ಜನ ಉಳಿದಿರುತ್ತಾರೆ, 68 ಜನ ಸತ್ತಿರುತ್ತಾರೆ. ಐದೂವರೆಗೆ ಒಂದರ ಪ್ರಮಾಣ. ಬಡ್ಡಿಯನ್ನು ಬದಿಗಿಟ್ಟರೆ ನೂರು ಪೌಂಡಿನ ಏಳು ವರ್ಷದ ರಕ್ಷಣೆಗೆ ಒಟ್ಟು ಹದಿನೈದು ಪೌಂಡಿನಷ್ಟು ಸಂಗ್ರಹವಾಗಬೇಕು. ಇಂದಿನ ವಿಮಾಗಣಕರು, ಅಂದರೆ ಆಕ್ಚುವರಿಗಳು, ಕಂಪ್ಯೂಟರಿನ ಎದುರು ಮಾಡುವ ಕೆಲಸದ ತಿರುಳು ಇದಕ್ಕಿಂತ ಬೇರೆಯಲ್ಲ.

ಆದರೆ ಹ್ಯಾಲಿಯ ಹೆಚ್ಚಿನ ಗಮನವಿದ್ದದ್ದು ವಿಮೆಗಿಂತ ವರ್ಷಾಶನದ ಮೇಲೆ. ಅದಕ್ಕೆ ಕಾರಣ ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧ. ಹಣಕ್ಕಾಗಿ ಇಂಗ್ಲೆಂಡಿನ ಸರ್ಕಾರ ಆಗಷ್ಟೇ ಜೀವಿತಾವಧಿ ವರ್ಷಾಶನಗಳನ್ನು ಮಾರತೊಡಗಿತ್ತು. ನೂರು ಪೌಂಡ್ ಕಟ್ಟಿದರೆ ಹೆಸರಿಸಿದ ವ್ಯಕ್ತಿ ಬದುಕಿರುವಷ್ಟು ಕಾಲ ವರ್ಷಕ್ಕೆ 14 ಪೌಂಡ್. ವರ್ಷದ ಆದಾಯದ ಸುಮಾರು ಏಳು ಪಟ್ಟು ಬೆಲೆ ಕೊಟ್ಟಂತಾಯಿತು. ಹೆಸರಿಸಿದ ವ್ಯಕ್ತಿ ಐದರ ಬಾಲಕನಾಗಿರಲಿ, ಎಪ್ಪತ್ತರ ವೃದ್ಧನಾಗಿರಲಿ, ಬೆಲೆ ಒಂದೇ. ಹ್ಯಾಲಿ ಶೇಕಡಾ 6ರ ಬಡ್ಡಿಯಲ್ಲಿ ನಿಜವಾದ ಬೆಲೆಯನ್ನು ಲೆಕ್ಕ ಹಾಕಿದ. ಹತ್ತರ ಬಾಲಕನಿಗೆ 13.44 ಪಟ್ಟು, ಇಪ್ಪತ್ತರವನಿಗೆ 12.78, ಐವತ್ತರವನಿಗೆ 9.21, ಅರವತ್ತಕ್ಕೆ 7.60, ಎಪ್ಪತ್ತಕ್ಕೆ 5.32. ಸರ್ಕಾರ ಹೇಳುತ್ತಿದ್ದ ದರ ಅರವತ್ತು ದಾಟಿದವರಿಗಷ್ಟೇ ಸರಿಹೊಂದುವಂತಿತ್ತು. ಮಕ್ಕಳ ಹೆಸರಿನಲ್ಲಿ ಕೊಂಡವರಿಗೆ ಅರ್ಧ ಬೆಲೆಗೆ ಲಾಭ. ನಷ್ಟ ಬೊಕ್ಕಸದ್ದು, ಅಂದರೆ ಪ್ರಜೆಗಳದು.

ಏಕರೂಪದ ದರ ನೋಡಲು ಸರಳ, ಸಮಾನತೆಯಂತೆ ತೋರುತ್ತದೆ. ಆದರೆ ಅಲ್ಲಿ ಒಬ್ಬರ ಜೇಬಿನಿಂದ ಇನ್ನೊಬ್ಬರಿಗೆ ಹಣ ಸದ್ದಿಲ್ಲದೆ ಸಾಗುತ್ತಿರುತ್ತದೆ. ವರ್ಷಾಶನದಲ್ಲಿ ಬೊಕ್ಕಸಕ್ಕೆ ಕನ್ನ. ವಿಮೆಯಲ್ಲಿ ತರುಣರಿಗೆ ಕನ್ನ. ಇದು ಹ್ಯಾಲಿಗೆ ಮೊದಲು ಹಾಲೆಂಡಿನ ರಾಜಕಾರಣಿ ಯಾನ್ ಡಿ ವಿಟ್‌ಗೂ ಹೊಳೆದಿತ್ತು. 1671ರಲ್ಲಿ ಆತ ವರ್ಷಾಶನದ ಬೆಲೆಯ ಬಗ್ಗೆ ತನ್ನ ಸರ್ಕಾರಕ್ಕೆ ಒಂದು ವರದಿ ಕೊಟ್ಟಿದ್ದ. ಮರುವರ್ಷವೇ ಬೇರೆ ರಾಜಕೀಯ ಕಾರಣಗಳಿಗಾಗಿ ಹೇಗ್ ನಗರದಲ್ಲಿ ಉದ್ರಿಕ್ತ ಗುಂಪು ಆತನನ್ನು ಕೊಂದುಹಾಕಿತು. ಊಹೆಯ ಬದಲು ಒಂದು ನಗರದ ನಿಜವಾದ ಸಾವುಗಳ ಪೂರ್ಣ ಎಣಿಕೆಯನ್ನು ಲೆಕ್ಕಕ್ಕೆ ಅಡಿಪಾಯವಾಗಿ ಇಟ್ಟದ್ದು ಹ್ಯಾಲಿಯ ಹೆಚ್ಚುಗಾರಿಕೆ.

ಸರ್ಕಾರ ಕೇಳಿತೇ? ಇಲ್ಲ. ಯುದ್ಧಕ್ಕೆ ಹಣ ತುರ್ತಾಗಿ ಬೇಕಾಗಿತ್ತು. ನ್ಯಾಯವಾದ ಬೆಲೆಗೆ ಕೊಳ್ಳುವವರನ್ನು ಕಾಯುತ್ತ ಕೂರುವ ಸ್ಥಿತಿ ಇರಲಿಲ್ಲ. ವಿಮೆಯವರೂ ಕೇಳಲಿಲ್ಲ. 1706ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಅಮಿಕಬಲ್ ಸೊಸೈಟಿ ಹನ್ನೆರಡರಿಂದ ನಲವತ್ತೈದರೊಳಗಿನ ಎಲ್ಲರಿಂದಲೂ ಒಂದೇ ವಂತಿಗೆ ಪಡೆದು, ವರ್ಷದಲ್ಲಿ ಸತ್ತ ಸದಸ್ಯರ ಕುಟುಂಬಗಳಿಗೆ ಹಂಚುತ್ತಿತ್ತು. ನಲವತ್ತೈದು ದಾಟಿದವರಿಗೆ ಪ್ರವೇಶವೇ ಇಲ್ಲ. 1720ರಲ್ಲಿ ಸನ್ನದು ಪಡೆದ ಎರಡು ದೊಡ್ಡ ಕಂಪನಿಗಳು ಒಂದು ವರ್ಷದ ವಿಮೆಗೆ ವಯಸ್ಸನ್ನು ಗಣಿಸದೆ ನೂರಕ್ಕೆ ಸುಮಾರು ಐದರಂತೆ ಪಡೆಯುತ್ತಿದ್ದವು. ಹ್ಯಾಲಿಯ ಲೆಕ್ಕದ ಪ್ರಕಾರ ಒಂದು ಪೌಂಡ್ ಕೊಡಬೇಕಾದ ತರುಣ ಅಲ್ಲಿ ಐದು ಕೊಡುತ್ತಿದ್ದ. ಲಂಡನ್ನಿನ ಸಾವಿನ ಪ್ರಮಾಣ ಬ್ರೆಸ್ಲೌಗಿಂತ ಹೆಚ್ಚು ಎಂಬ ನೆವ ಅವರಿಗಿತ್ತು, ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಐದು ಪಟ್ಟಿನಷ್ಟು ಖಂಡಿತ ಇರಲಾರದು.

ಹ್ಯಾಲಿ ಅಷ್ಟರಲ್ಲಿ ಬೇರೆ ಕೆಲಸಗಳಿಗೆ ಹೊರಟುಹೋಗಿದ್ದ. ಒಂದರಲ್ಲಿ ನಿಲ್ಲುವ ಜಾಯಮಾನ ಆತನದಲ್ಲ. ಮುಳುಗುಗಂಟೆಯೊಂದನ್ನು ರಚಿಸಿ ಅದರೊಳಗೆ ಕುಳಿತು ತಾನೇ ನೀರಿನಾಳಕ್ಕೆ ಇಳಿದ. 1696ರಿಂದ ಎರಡು ವರ್ಷ ಚೆಸ್ಟರ್‌ನ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ. 1698ರಲ್ಲಿ ಪ್ಯಾರಾಮೋರ್ ಎಂಬ ಪುಟ್ಟ ಹಡಗಿನ ಕಪ್ತಾನನಾಗಿ, ದಿಕ್ಸೂಚಿಯ ಮುಳ್ಳು ಎಲ್ಲೆಲ್ಲಿ ಎಷ್ಟೆಷ್ಟು ವಾಲುತ್ತದೆಂದು ಅಳೆಯಲು ಅಟ್ಲಾಂಟಿಕ್‌ಗೆ ಹೊರಟ. ಅಧೀನ ಅಧಿಕಾರಿ ಮಾತು ಕೇಳದೆ ತಿರುಗಿಬಿದ್ದಾಗ ಅರ್ಧಕ್ಕೇ ಮರಳಿ, ಮತ್ತೆ ಹೊರಟು, ದಕ್ಷಿಣದ ಹಿಮಗಡ್ಡೆಗಳವರೆಗೆ ಹೋಗಿ ಬಂದ. 1691ರಲ್ಲಿ ನಾಸ್ತಿಕನೆಂಬ ಗುಮಾನಿಯೂ ಸೇರಿ ಕೈತಪ್ಪಿದ್ದ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪದವಿ, 1704ರಲ್ಲಿ ರೇಖಾಗಣಿತದ ಪೀಠದ ರೂಪದಲ್ಲಿ ದೊರೆಯಿತು. ಮರುವರ್ಷ ಧೂಮಕೇತುಗಳ ಪ್ರಬಂಧ ಹೊರಬಂತು. 1531, 1607, 1682ರಲ್ಲಿ ಬಂದದ್ದು ಒಂದೇ ಧೂಮಕೇತು, ಅದು 1758ರಲ್ಲಿ ಮತ್ತೆ ಬರುವುದೆಂದು ಅದರಲ್ಲಿ ಆತ ಸೂಚಿಸಿದ.

1720ರಲ್ಲಿ ಗ್ರೀನ್‌ವಿಚ್‌ನಲ್ಲಿ ಆಸ್ಥಾನ ಖಗೋಳಜ್ಞನ ಹುದ್ದೆ ಒಲಿದಾಗ ವಯಸ್ಸು 63. ಹಿಂದಿನ ಖಗೋಳಜ್ಞ ಫ್ಲಾಮ್‌ಸ್ಟೀಡ್‌ಗೂ ಹ್ಯಾಲಿಗೂ ಎಣ್ಣೆ ಸೀಗೆಕಾಯಿ. ಫ್ಲಾಮ್‌ಸ್ಟೀಡ್‌ನ ವಿಧವೆ ಉಪಕರಣಗಳೆಲ್ಲ ತನ್ನ ಗಂಡನ ಸ್ವಂತದ್ದೆಂದು ಹೊತ್ತೊಯ್ದಿದ್ದರಿಂದ ಹ್ಯಾಲಿ ಕಾಲಿಟ್ಟದ್ದು ಬರಿದಾದ ವೀಕ್ಷಣಾಲಯಕ್ಕೆ. ಹೊಸ ಉಪಕರಣ ತರಿಸಿ, ಪೂರ್ಣ ಮಾಡಲು ಹದಿನೆಂಟು ವರ್ಷ ಬೇಕಾಗುವ ಚಂದ್ರನ ವೀಕ್ಷಣೆಯನ್ನು ಆ ವಯಸ್ಸಿನಲ್ಲಿ ಕೈಗೆತ್ತಿಕೊಂಡ. ತನ್ನದೇ ಕೋಷ್ಟಕವನ್ನು ನೋಡಿದ್ದರೆ ಅಷ್ಟು ಕಾಲ ಬದುಕುವ ಸಂಭವ ಎಷ್ಟು ಕಡಿಮೆಯೆಂಬುದು ಆತನಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಕ್ಕಿಲ್ಲ. ಆದರೂ ಆ ಕೆಲಸ ಮುಗಿಸಿದ.

ಕೋಷ್ಟಕ ಅಚ್ಚಾದಾಗ ಹ್ಯಾಲಿಗೆ 36. ಆ ಸಾಲಿನಲ್ಲಿರುವ ಸಂಖ್ಯೆ 481. ಅದು ಅರ್ಧಕ್ಕಿಳಿಯುವುದು ಅರವತ್ತರ ಆಸುಪಾಸಿನಲ್ಲಿ. ಅಂದರೆ ಇನ್ನು 24 ವರ್ಷ ಬದುಕುವುದಕ್ಕೂ ಬದುಕದಿರುವುದಕ್ಕೂ ಸಮ ಸಂಭವ. ಆತ ಬದುಕಿದ್ದು ಮತ್ತೂ 49 ವರ್ಷ. ಪತ್ನಿ ಮೇರಿ 1736ರಲ್ಲಿ ತೀರಿಕೊಂಡಳು. ನೌಕಾಪಡೆಯಲ್ಲಿ ವೈದ್ಯನಾಗಿದ್ದ ಮಗನೂ ತಂದೆಗಿಂತ ಮೊದಲೇ ಹೋದ. ಹಳೆಯ ಪಂಚಾಂಗದ 1742ರ ಜನವರಿ 14ರಂದು ಹ್ಯಾಲಿ ಗ್ರೀನ್‌ವಿಚ್‌ನಲ್ಲಿ ಕೊನೆಯುಸಿರೆಳೆದಾಗ ವಯಸ್ಸು 85. ಆತನ ಕೋಷ್ಟಕದ ಸಾಲುಗಳು 84ಕ್ಕೇ ಮುಗಿದಿದ್ದವು. ಲೀ ಗ್ರಾಮದ ಸೇಂಟ್ ಮಾರ್ಗರೆಟ್ ಚರ್ಚಿನ ಅಂಗಳದಲ್ಲಿ ಪತ್ನಿಯ ಬಳಿಯೇ ಸಮಾಧಿ ಮಾಡಲಾಯಿತು. ಧೂಮಕೇತು ಮಾತಿನಂತೆ 1758ರ ಡಿಸೆಂಬರ್ 25ರ ರಾತ್ರಿ ಕಾಣಿಸಿಕೊಂಡಿತು.

ವಿಮೆಯ ಲೆಕ್ಕ ಈಡೇರಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಅದನ್ನು ಈಡೇರಿಸಿದವನು ಲಂಡನ್ನಿನ ಗಣಿತದ ಮೇಷ್ಟ್ರು ಜೇಮ್ಸ್ ಡಾಡ್ಸನ್. 1750ರ ದಶಕದಲ್ಲಿ ಆತ ಅಮಿಕಬಲ್ ಸೊಸೈಟಿಯ ಬಾಗಿಲು ತಟ್ಟಿದ. ನಲವತ್ತೈದು ದಾಟಿದೆಯೆಂದು ಸೊಸೈಟಿ ಆತನನ್ನು ಹೊರಗಟ್ಟಿತು. ವಯಸ್ಸಾದವನು ಹೆಚ್ಚು ಹಣ ಕೊಡಲು ಸಿದ್ಧನಿದ್ದರೆ ತಿರಸ್ಕರಿಸುವುದೇಕೆ, ಆ ಹೆಚ್ಚು ಎಷ್ಟೆಂದು ಲೆಕ್ಕ ಹಾಕಬಹುದಲ್ಲ ಎಂಬುದು ಆತನ ತರ್ಕ. ಸೇರುವಾಗಿನ ವಯಸ್ಸಿಗೆ ತಕ್ಕ, ಅವಧಿಯುದ್ದಕ್ಕೂ ಏರದ ವಾರ್ಷಿಕ ಕಂತು ಎಷ್ಟಿರಬೇಕೆಂದು ಆತ ಲಂಡನ್ನಿನ ಮರಣಪಟ್ಟಿಗಳನ್ನು ಇಟ್ಟುಕೊಂಡು ಪ್ರತಿ ವಯಸ್ಸಿಗೂ ಲೆಕ್ಕ ಹಾಕಿದ. ಯೌವನದಲ್ಲಿ ಅಗತ್ಯಕ್ಕಿಂತ ತುಸು ಹೆಚ್ಚು ಕಟ್ಟಿದ್ದು ಬಡ್ಡಿ ಸಹಿತ ಕೂಡಿ ಇಳಿವಯಸ್ಸಿನ ಕೊರತೆಯನ್ನು ತುಂಬುತ್ತದೆ. ಇಂದು ಮೂವತ್ತಕ್ಕೆ ಪಾಲಿಸಿ ಕೊಂಡವರ ಪ್ರೀಮಿಯಂ ಐವತ್ತರಲ್ಲೂ ಏರದಿರುವುದು ಈ ಉಪಾಯದ ಫಲ.

ಯೋಜನೆ ಕಾರ್ಯರೂಪಕ್ಕೆ ಬರುವ ಮುನ್ನ, 1757ರಲ್ಲಿ ಡಾಡ್ಸನ್ ತೀರಿಕೊಂಡ. ಸಂಗಡಿಗರು ಸನ್ನದಿಗಾಗಿ ಅರ್ಜಿ ಹಾಕಿದರೆ 1761ರಲ್ಲಿ ಅದು ತಿರಸ್ಕೃತವಾಯಿತು. ಸಾವು ಬದುಕಿನ ಕೋಷ್ಟಕಗಳನ್ನು ನಂಬಿ ವ್ಯವಹಾರ ನಡೆಸುವುದು ಬರಿಯ ಊಹಾಪೋಹ ಎಂಬುದು ಸರ್ಕಾರದ ಕಾನೂನು ಅಧಿಕಾರಿಗಳು ಕೊಟ್ಟ ಕಾರಣಗಳಲ್ಲಿ ಒಂದು. ವಯಸ್ಸು ನೋಡದೆ ಹೇಳುತ್ತಿದ್ದ ದರ ಊಹಾಪೋಹವಲ್ಲ, ಎಣಿಸಿ ಹೇಳಿದ್ದು ಊಹಾಪೋಹ! ಸನ್ನದಿಲ್ಲದೆಯೇ 1762ರಲ್ಲಿ ಈಕ್ವಿಟಬಲ್ ಸೊಸೈಟಿ ಕೆಲಸ ಆರಂಭಿಸಿತು. ಡಾಡ್ಸನ್ ತನಗಾಗಿ ಬಯಸಿದ್ದ ವಿಮೆ ಆತನಿಗೆ ಸಿಗಲಿಲ್ಲ. ಆತನ ಕಿರಿಯ ಮಕ್ಕಳನ್ನು ಆತ ಪಾಠ ಹೇಳುತ್ತಿದ್ದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯೇ ಸೇರಿಸಿಕೊಂಡಿತು. ವರ್ಷಗಳ ತರುವಾಯ ಸೊಸೈಟಿಯು ಆ ಕೋಷ್ಟಕಗಳ ಋಣವೆಂದು ಮಕ್ಕಳಿಗೆ 300 ಪೌಂಡ್ ಕೊಟ್ಟಿತು. ಇದೇ ಡಾಡ್ಸನ್‌ನ ಮರಿಮಗನೇ ತರ್ಕಶಾಸ್ತ್ರದ ನಿಯಮಗಳಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದ ಆಗಸ್ಟಸ್ ಡಿ ಮಾರ್ಗನ್. ಆತ 1806ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಮಧುರೈಯಲ್ಲಿ.

ಭಾರತಕ್ಕೆ ಜೀವವಿಮೆ ಬಂದದ್ದು 1818ರಲ್ಲಿ, ಕೋಲ್ಕತ್ತದ ಓರಿಯೆಂಟಲ್ ಲೈಫ್ ಇನ್ಶೂರೆನ್ಸ್ ಕಂಪನಿಯ ಮೂಲಕ. ಮೊದಮೊದಲು ಯುರೋಪಿಯನ್ನರಿಗಷ್ಟೇ ಪಾಲಿಸಿ. ಬಳಿಕ ಭಾರತೀಯರಿಗೆ ವಿಮೆ ಕೊಡತೊಡಗಿದ ಕಂಪನಿಗಳು ಹೆಚ್ಚುವರಿ ದರ ಹೇರುತ್ತಿದ್ದವು. ಹ್ಯಾಲಿ ಬೇಡವೆಂದಿದ್ದ ಊಹೆಯ ದರ ಇಲ್ಲಿ ಚರ್ಮದ ಬಣ್ಣ ನೋಡಿ ಮರಳಿ ಬಂದಿತ್ತು. 1870ರಲ್ಲಿ ಸ್ಥಾಪನೆಯಾದ ಬಾಂಬೆ ಮ್ಯೂಚುವಲ್ ಸಂಸ್ಥೆ ಭಾರತೀಯರಿಗೂ ಸಾಮಾನ್ಯ ದರದಲ್ಲೇ ಪಾಲಿಸಿ ನೀಡಿ ಆ ರೂಢಿಯನ್ನು ಮುರಿಯಿತು.

ಇಂದು ನಮ್ಮ ವಿಮಾ ಕಂಪನಿಗಳ ದರಕ್ಕೆ ಆಧಾರ ಬ್ರೆಸ್ಲೌ ಅಲ್ಲ, ಭಾರತದ ಪಾಲಿಸಿದಾರರದೇ ಮರಣ ಕೋಷ್ಟಕ. 2012ರಿಂದ 2014ರವರೆಗಿನ ಅನುಭವದ ಮೇಲೆ ರಚಿತವಾದ ಅಂತಹ ಒಂದು ಕೋಷ್ಟಕ 2019ರ ಏಪ್ರಿಲ್‌ನಿಂದ ಜಾರಿಗೆ ಬಂತು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಅತಿ ಕಡಿಮೆ ಪ್ರೀಮಿಯಂ ಸಾಮಾನ್ಯವಾಗಿ ಇಪ್ಪತ್ತರ ಪ್ರಾಯದ, ತಂಬಾಕು ಮುಟ್ಟದ, ರೋಗವಿಲ್ಲದ ವ್ಯಕ್ತಿಯದು. ನಲವತ್ತರವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು ತಮ್ಮ ವಿವರ ತುಂಬಿ ವೈದ್ಯಕೀಯ ಪರೀಕ್ಷೆ ಮುಗಿಸಿದ ಮೇಲೆ ಬರುವ ಅಂಕಿಯೇ ಅವರ ನಿಜವಾದ ದರ. ಈ ಲೇಖಕನಿಗೂ ಮೊದಲು ಹೇಳಿದ ಅಂಕಿ ರಕ್ತಪರೀಕ್ಷೆಯ ಬಳಿಕ ಏರಿದಾಗ ಸಿಟ್ಟು ಬಂದದ್ದುಂಟು. ಹ್ಯಾಲಿಯ ಕೋಷ್ಟಕ ಓದಿದ ಮೇಲೆ ಆ ಸಿಟ್ಟು ಮೊದಲ ಅಂಕಿಯ ಕಡೆಗೆ ತಿರುಗಿತು.

ಪ್ರಪೋಸಲ್ ಫಾರಂನಲ್ಲಿ ಕಾಯಿಲೆಯನ್ನೋ ಸಿಗರೇಟನ್ನೋ ಮುಚ್ಚಿಟ್ಟು ಕಡಿಮೆ ದರ ಪಡೆದವರ ಕುಟುಂಬಕ್ಕೆ ಪಾಲಿಸಿಯ ಮೊದಲ ಮೂರು ವರ್ಷಗಳೊಳಗೆ ಕ್ಲೇಮು ಬಂದರೆ ಕಂಪನಿ ಆ ಉತ್ತರಗಳನ್ನು ಕೆದಕಿ ಹಣ ನಿರಾಕರಿಸಬಹುದು. ಮೂರು ವರ್ಷ ಕಳೆದ ಬಳಿಕ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎನ್ನುತ್ತದೆ 2015ರಲ್ಲಿ ತಿದ್ದುಪಡಿಯಾದ ವಿಮಾ ಕಾಯ್ದೆಯ 45ನೆಯ ಕಲಂ. ಗಿಬ್ಬನ್ಸ್‌ನ ಜೀವದ ಮೇಲೆ ವಿಮೆ ಮಾಡಿಸಿದವರು ಚಾಂದ್ರಮಾಸದ ಲೆಕ್ಕವನ್ನು ಎದುರಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿತ್ತು.